ಕ್ರೀಡಾ ಪ್ರಶ್ನೋತ್ತರ: ಬಳ್ಳಾರಿಗೆ ಬಂದ ಹೊಸ ಆಟ

ಪ್ರಶ್ನೆ: ನಮ್ಮ ಬಡಾವಣೆಯ ಆರು ಹವ್ಯಾಸಿ ತಂಡಗಳು ಸೇರಿ ಪಿಕಲ್‌ಬಾಲ್ (ಗಟ್ಟಿ ಬ್ಯಾಟಿನಿಂದ ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡನ್ನು ಬಲೆಯಾಚೆ ಹೊಡೆಯುವ ಆಟ) ಲೀಗ್ ನಡೆಸಬೇಕೆಂದಿದ್ದೇವೆ. ಬ್ಯಾಡ್ಮಿಂಟನ್ ಅಂಕಣ ಸಾಕೇ? ಯಾವ ತಿಂಗಳು ಸೂಕ್ತ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಸಿಮೆಂಟ್ ನೆಲವಿದ್ದರೆ ಧಾರಾಳವಾಗಿ ಸಾಕು. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಹಳೆಯ ಬ್ಯಾಡ್ಮಿಂಟನ್ ಅಂಕಣವೊಂದರಲ್ಲಿ. ಆದ್ದರಿಂದಲೇ ಇಂದಿಗೂ ಅದರ ಅಳತೆ ಡಬಲ್ಸ್ ಅಂಕಣದಷ್ಟೇ, ಅಂದರೆ 44 ಅಡಿ ಉದ್ದ, 20 ಅಡಿ ಅಗಲ. ಬಲೆಯನ್ನು ನಡುವೆ 34 ಇಂಚಿಗೆ ಇಳಿಸಿ, ಅದರ ಎರಡೂ ಬದಿಗೆ 7 ಅಡಿ ದೂರದಲ್ಲಿ ಗೆರೆ ಎಳೆಯಿರಿ. ಆ ಪಟ್ಟಿಯೊಳಗೆ ನಿಂತು, ನೆಲಕ್ಕೆ ಪುಟಿಯುವ ಮೊದಲೇ ಚೆಂಡನ್ನು ಹೊಡೆಯುವಂತಿಲ್ಲ. ಹೊಸಬರು ಎಡವುವುದು ಇಲ್ಲೇ. ಪ್ರತಿ ತಂಡವೂ ಉಳಿದ ಐದನ್ನು ಒಮ್ಮೊಮ್ಮೆ ಎದುರಿಸಿದರೆ 15 ಪಂದ್ಯಗಳಾಗುತ್ತವೆ. ನಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ಪ್ಲಾಸ್ಟಿಕ್ ಚೆಂಡು ಮೆತ್ತಗಾಗುತ್ತದೆ, ಆಟಗಾರರೂ ಬಸವಳಿಯುತ್ತಾರೆ. ದಯವಿಟ್ಟು ನವೆಂಬರ್‌ನಿಂದ ಫೆಬ್ರುವರಿಯೊಳಗೆ, ಬೆಳಗಿನ ಗಾಳಿ ಏಳುವ ಮುನ್ನ ಆಡಿಸಿ.