ಆ ಬಿಪಿ ಮಾತ್ರೆಯನ್ನು ನಿಲ್ಲಿಸಬೇಡಿ

ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ ಇದು: ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ರಕ್ತದ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಲ್ಮಶ) 1.1 ಇದ್ದುದರಿಂದ ಕಿಡ್ನಿಯ ಬಗ್ಗೆ ನಿಶ್ಚಿಂತೆಯಾಗಿದ್ದರು. ಈಗ ಮೂತ್ರದ ಅಲ್ಬುಮಿನ್–ಕ್ರಿಯೇಟಿನಿನ್ ಅನುಪಾತ (ಅಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಎಷ್ಟು ಸೋರುತ್ತಿದೆ ಎಂಬುದರ ಅಳತೆ) 186 ಬಂದಿದೆ. ರಕ್ತದೊತ್ತಡ ಸರಿಯಾಗಿದ್ದರೂ ವೈದ್ಯರು ಟೆಲ್ಮಿಸಾರ್ಟಾನ್ ಬರೆದುಕೊಟ್ಟಿದ್ದಾರೆ. "ಬಿಪಿಯೇ ಇಲ್ಲದವರಿಗೆ ಬಿಪಿ ಮಾತ್ರೆ ಏಕೆ, ನಿಲ್ಲಿಸಿಬಿಡಿ ಎನ್ನುತ್ತಾರೆ ನಮ್ಮ ಅಳಿಯಂದಿರು. ಸಕ್ಕರೆ ಕಾಯಿಲೆಯಲ್ಲಿ ಬೆಳವಣಿಗೆ ಕಾರಕಗಳೇ ಕಿಡ್ನಿಯನ್ನು ಕೆಡಿಸುತ್ತವೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬೆಳೆಸುವಂಥದ್ದು ಕೆಡಿಸುವುದು ಹೇಗೆ? ಅದನ್ನು ತಡೆಯುವ ಔಷಧ ಯಾವುದು?"

ಮಾಸ್ತರರೇ,

ನೀವು ಕೇಳಿರುವ ಔಷಧ ಈಗಾಗಲೇ ನಿಮ್ಮ ಮನೆಯಲ್ಲಿದೆ. ಅಳಿಯಂದಿರು ನಿಲ್ಲಿಸಿ ಎನ್ನುತ್ತಿರುವ ಮಾತ್ರೆಯೇ ಅದು. ಹೇಗೆಂದು ವಿವರಿಸಲು ಸ್ವಲ್ಪ ಹಿಂದಿನಿಂದ ಬರಬೇಕು.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರ ಮೊದಲಿಗೂ ಗ್ಲೋಮೆರುಲಸ್ ಎಂಬ, ಕೂದಲಿಗಿಂತ ಸಪೂರವಾದ ರಕ್ತನಾಳಗಳ ಗಂಟು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಸಕ್ಕರೆ ಏರಿದಾಗ ಕಿಡ್ನಿ ಮೊದಲು ಮಾಡುವುದು ಸೊರಗುವುದನ್ನಲ್ಲ. ಅದು ಗಾತ್ರದಲ್ಲಿ ಹಿಗ್ಗುತ್ತದೆ, ಮೊದಲಿಗಿಂತ ಹೆಚ್ಚು ಸೋಸತೊಡಗುತ್ತದೆ. ಮಧುಮೇಹ ಬರಿಸಿದ ಪ್ರಯೋಗದ ಇಲಿಗಳಲ್ಲಿ ಕೆಲವೇ ದಿನಗಳಲ್ಲಿ ಐಜಿಎಫ್–1 ಎಂಬ ಬೆಳವಣಿಗೆ ಕಾರಕ (ಜೀವಕೋಶಗಳಿಗೆ ಬೆಳೆಯಿರಿ ಎಂದು ಸೂಚಿಸುವ ಪ್ರೋಟೀನು) ಕಿಡ್ನಿಯಲ್ಲಿ ತುಂಬಿಕೊಳ್ಳುವುದನ್ನು ಸಂಶೋಧಕರು ಕಂಡಿದ್ದಾರೆ. ಹಲವರಲ್ಲಿ ಈ ಹಂತದಲ್ಲಿ ಕ್ರಿಯೇಟಿನಿನ್ ಚೊಕ್ಕವಾಗಿಯೇ ಇರುತ್ತದೆ. ಆ ಒಂದೇ ಅಂಕಿಯನ್ನು ನಂಬಿ ಕೂರುವ ನಮ್ಮ ರೂಢಿ ನನಗೆ ನಿಜವಾಗಿ ಚಿಂತೆ ಹುಟ್ಟಿಸುತ್ತದೆ.

ನಂತರದ ಹಾನಿಯಲ್ಲಿ ದೊಡ್ಡ ಪಾಲು ಟಿಜಿಎಫ್–ಬೀಟಾ ಎಂಬ ಮತ್ತೊಂದು ಬೆಳವಣಿಗೆ ಕಾರಕದ್ದು. ಕೈ ಕೊಯ್ದುಕೊಂಡಾಗ ಗಾಯ ಮಾಯುವುದು ಇದರ ನೆರವಿನಿಂದಲೇ: ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ತಯಾರಿಸಿ ಎಂದು ಜೀವಕೋಶಗಳಿಗೆ ಅಪ್ಪಣೆ ಕೊಡುವುದು, ಕೆಲಸ ಮುಗಿದೊಡನೆ ಸುಮ್ಮನಾಗುವುದು. ಸಕ್ಕರೆ ಸದಾ ಏರಿರುವ ಕಿಡ್ನಿಯಲ್ಲಿ ಕೆಲಸ ಮುಗಿಯುವುದೇ ಇಲ್ಲ. ಅಪ್ಪಣೆ ವರ್ಷಗಟ್ಟಲೆ ಹೊರಡುತ್ತಲೇ ಇರುತ್ತದೆ. ರಕ್ತನಾಳಗಳ ಗಂಟಿನ ನಡುವೆ ಕೊಲಾಜೆನ್ ಮತ್ತಿತರ ಪದಾರ್ಥ ಪದರ ಪದರವಾಗಿ ಕೂಡಿಕೊಂಡು, ನಾಳಗಳು ಇಕ್ಕಟ್ಟಾಗಿ, ಕೊನೆಗೆ ಇಡೀ ಗಂಟು ಗಡುಸಾದ ಕಲೆಯಾಗುತ್ತದೆ. ಕಿಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬ ವೈದ್ಯರು 1936ರಲ್ಲೇ ಮಧುಮೇಹಿಗಳ ಕಿಡ್ನಿಯಲ್ಲಿ ಇಂಥ ದುಂಡನೆಯ ಕಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದರು. ಬೆಳೆಸುವಂಥದ್ದು ಕೆಡಿಸುವುದು ಹೀಗೆ.

ಹಾಗಾದರೆ ಅದನ್ನೇ ನೇರವಾಗಿ ತಡೆಯಬಹುದಲ್ಲ ಎಂದು ನಿಮಗನ್ನಿಸಬಹುದು. ವಿಜ್ಞಾನಿಗಳಿಗೂ ಅನ್ನಿಸಿತು. ಟಿಜಿಎಫ್–ಬೀಟಾವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯವನ್ನು ಮಧುಮೇಹಿ ಇಲಿಗಳಿಗೆ ಕೊಟ್ಟಾಗ ಕಲೆಗಟ್ಟುವುದು ತಗ್ಗಿತು; 2000ದಲ್ಲಿ ಆ ವರದಿ ಬಂದಾಗ ದೊಡ್ಡ ಆಸೆ ಮೂಡಿತ್ತು. ಅಂಥದೇ ಪ್ರತಿಕಾಯವನ್ನು 400ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದರು. ಪ್ರಯೋಜನ ಕಾಣದೆ ಅವಧಿಗೆ ಮುನ್ನವೇ ಪ್ರಯೋಗ ನಿಲ್ಲಿಸಬೇಕಾಯಿತು.

ವಿಇಜಿಎಫ್ ಎಂಬ ಮತ್ತೊಂದು ಕಾರಕದ ಕಥೆ ಇನ್ನೂ ಎಚ್ಚರಿಕೆಯದು. ಮಧುಮೇಹದಿಂದ ಕಣ್ಣಿನ ಪರದೆ ಊದಿಕೊಂಡವರಿಗೆ ಇದನ್ನು ತಡೆಯುವ ಇಂಜೆಕ್ಷನ್ನನ್ನು ಕಣ್ಣಿಗೇ ಚುಚ್ಚುತ್ತಾರೆ. ಅನೇಕರ ದೃಷ್ಟಿ ಅದರಿಂದ ಉಳಿದಿದೆ. ಆದರೆ ಕಿಡ್ನಿಯ ಸೋಸುವ ಪೊರೆಯನ್ನು ಕಾಯುವ ಪೋಡೊಸೈಟ್ ಕೋಶಗಳು ಇದೇ ವಿಇಜಿಎಫ್ ಅನ್ನು ಹದವಾಗಿ ಸ್ರವಿಸುತ್ತವೆ. ಅದು ಅತಿಯಾದರೂ ಪೊರೆ ಕೆಡುತ್ತದೆ, ತೀರಾ ಕಡಿಮೆಯಾದರೂ ಕೆಡುತ್ತದೆ. ಕ್ಯಾನ್ಸರಿಗೆಂದು ಇದನ್ನು ದೇಹದಾದ್ಯಂತ ತಡೆಯುವ ಔಷಧ ಪಡೆದ ಕೆಲವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರಿದ್ದು ದಾಖಲಾಗಿದೆ.

ಇನ್ನು ನಿಮ್ಮ ಮಾತ್ರೆ. ಅದು ತಡೆಯುವುದು ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿನ ಕೆಲಸವನ್ನು. ಈ ಹಾರ್ಮೋನು ರಕ್ತನಾಳಗಳನ್ನು ಬಿಗಿಯುತ್ತದೆ ಎಂದಷ್ಟೇ ಹಿಂದೆ ತಿಳಿದಿದ್ದರು. ಅದು ಗ್ಲೋಮೆರುಲಸ್ಸಿನ ಒಳಗಿನ ಒತ್ತಡವನ್ನು ಹೆಚ್ಚಿಸುತ್ತದೆ, ಮೇಲಾಗಿ ಟಿಜಿಎಫ್–ಬೀಟಾ ತಯಾರಿಸುವಂತೆ ಅಲ್ಲಿನ ಕೋಶಗಳನ್ನು ಕೆರಳಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿಯಲ್ಲಿ ಈ ಒಳಗಿನ ಒತ್ತಡ ಕಾಣುವುದಿಲ್ಲ. ಕ್ಯಾಪ್ಟೊಪ್ರಿಲ್ ಎಂಬ ಮತ್ತೊಂದು ಬಿಪಿ ಮಾತ್ರೆಯ 1993ರ ಪ್ರಯೋಗದಲ್ಲಿ ಈ ಹಾರ್ಮೋನನ್ನು ತಡೆದಾಗ ಮಧುಮೇಹಿಗಳಲ್ಲಿ ಸಾವು, ಡಯಾಲಿಸಿಸ್ ಅಥವಾ ಕಸಿಯ ಅಪಾಯ ಒಟ್ಟಾರೆ ಅರ್ಧಕ್ಕಿಳಿಯಿತು. ಅದೇ ರೋಗಿಗಳ ರಕ್ತವನ್ನು ಮುಂದೆ ಪರೀಕ್ಷಿಸಿದಾಗ, ಟಿಜಿಎಫ್–ಬೀಟಾ ಇಳಿದವರಲ್ಲಿ ಕಿಡ್ನಿ ಹೆಚ್ಚು ಉಳಿದಿದ್ದು ಕಂಡುಬಂತು. ನೇರ ದಾಳಿಗೆ ಬಗ್ಗದ್ದು ಇಲ್ಲಿ ಬಳಸುದಾರಿಯಲ್ಲಿ ಬಗ್ಗಿತು. ನಿಮ್ಮ ಟೆಲ್ಮಿಸಾರ್ಟಾನನ್ನೇ ಜಪಾನಿನಲ್ಲಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ್ದಾರೆ. ಬಿಪಿ ಸರಿಯಿದ್ದ ಮಧುಮೇಹಿಗಳಲ್ಲೂ ಅಲ್ಬುಮಿನ್ ಸೋರಿಕೆ ಮುಂದಿನ ಹಂತಕ್ಕೆ ಹೋಗುವುದನ್ನು ಅದು ತಗ್ಗಿಸಿತು. ಅಳಿಯಂದಿರಿಗೆ ಇದನ್ನು ಓದಿ ಹೇಳಿ.

186 ಎಂದರೆ ಗಾಬರಿ ಬೀಳುವ ಅಂಕಿಯಲ್ಲ, ಕಡೆಗಣಿಸುವಂಥದ್ದೂ ಅಲ್ಲ. 30ರ ಒಳಗಿರಬೇಕು, 300 ದಾಟಿದರೆ ತೀವ್ರ ಸೋರಿಕೆ. ಜ್ವರ, ಮೂತ್ರದ ಸೋಂಕು, ವಿಪರೀತ ದೈಹಿಕ ಶ್ರಮವಿದ್ದರೂ ಇದು ತಾತ್ಕಾಲಿಕವಾಗಿ ಏರುತ್ತದೆ, ಹಾಗಾಗಿ ಮೂರು ತಿಂಗಳಲ್ಲಿ ಮತ್ತೊಮ್ಮೆ ಮಾಡಿಸಿ. ಮಾತ್ರೆ ಶುರುವಾದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯೇಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಲೇಬೇಕು. ಕ್ರಿಯೇಟಿನಿನ್ ತುಸು ಏರಿದರೆ, ಶೇ 30ರವರೆಗೂ, ಸಾಮಾನ್ಯವಾಗಿ ವೈದ್ಯರು ಮಾತ್ರೆ ನಿಲ್ಲಿಸುವುದಿಲ್ಲ. ವಾಂತಿ–ಭೇದಿಯಾಗಿ ನೀರಿನಂಶ ಹೋದ ದಿನಗಳಲ್ಲಿ ಮಾತ್ರ ತಡಮಾಡದೆ ಅವರಿಗೆ ಫೋನ್ ಮಾಡಿ. ಮಂಡಿನೋವಿಗೆಂದು ಅಂಗಡಿಯಿಂದ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ದಯವಿಟ್ಟು ಮುಟ್ಟಬೇಡಿ.

ಪತ್ರದ ಜೊತೆ ನೀವಿಟ್ಟಿದ್ದ 'ಗ್ರೋತ್ ಫ್ಯಾಕ್ಟರ್ ಪುಡಿ'ಯ ಜಾಹೀರಾತನ್ನೂ ನೋಡಿದೆ. ಬೆಳವಣಿಗೆ ಕಾರಕಗಳು ಪ್ರೋಟೀನುಗಳು. ನುಂಗಿದರೆ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗುತ್ತವೆ. ಪುಡಿಯಲ್ಲಿ ಬೇರೇನು ಬೆರೆಸಿದ್ದಾರೋ ಆ ಪೊಟ್ಟಣದ ಮೇಲಿಲ್ಲ. ಆ ದುಡ್ಡನ್ನು ಉಳಿಸಿಕೊಳ್ಳಿ.

ಮುಂದಿನ ಸಲ ವೈದ್ಯರನ್ನು ಕಂಡಾಗ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಈ ಔಷಧಗಳು ಗ್ಲೋಮೆರುಲಸ್ಸಿನ ಒಳಒತ್ತಡವನ್ನೂ ಇಳಿಸುತ್ತವೆ. ಇದೇ ಗುಂಪಿನ ಕೆನಾಗ್ಲಿಫ್ಲೋಜಿನ್ ಕುರಿತ 2019ರ ಪ್ರಯೋಗದಲ್ಲಿ, ಟೆಲ್ಮಿಸಾರ್ಟಾನ್‌ನಂಥ ಮಾತ್ರೆ ಆಗಲೇ ತೆಗೆದುಕೊಳ್ಳುತ್ತಿದ್ದವರಲ್ಲೂ ಕಿಡ್ನಿ ವೈಫಲ್ಯದಂಥ ತೊಂದರೆಗಳು ಸುಮಾರು ಶೇ 30ರಷ್ಟು ತಗ್ಗಿದವು. ನಮ್ಮಲ್ಲಿ ಪೇಟೆಂಟ್ ಅವಧಿ ಮುಗಿದು ಡಪಾಗ್ಲಿಫ್ಲೋಜಿನ್ ಜೆನೆರಿಕ್ ರೂಪದಲ್ಲಿ ಅಗ್ಗವಾಗಿ ಸಿಗುತ್ತಿದೆ. ಮೂರು ತಿಂಗಳ ನಂತರದ ವರದಿ ಬಂದಾಗ ಒಂದು ಪ್ರತಿಯನ್ನು ನಮಗೂ ಕಳಿಸಿ.

— ಸಂಪಾದಕ