ಡ್ರಿಫ್ಟ್ ಅಂದ್ರೆ ಬರೀ ಅಲೆಯೋದಾ?

ಪ್ರಶ್ನೆ: 'ಡ್ರಿಫ್ಟ್' ಪದಕ್ಕೆ ನನ್ನ ನಿಘಂಟಿನಲ್ಲಿ 'ಗುರಿಯಿಲ್ಲದೆ ಅಲೆ' ಎಂದಿದೆ. ಆದರೆ ಮಗನ ಭೂಗೋಳದ ಪಾಠದಲ್ಲಿ ಖಂಡಗಳು ಡ್ರಿಫ್ಟ್ ಆಗುತ್ತವೆ, ಅವನು ನೋಡುವ ವಿಡಿಯೊಗಳಲ್ಲಿ ಕಾರುಗಳು ಡ್ರಿಫ್ಟ್ ಆಗುತ್ತವೆ. ನಮ್ಮ ಮೇಲಧಿಕಾರಿ ಮಾತು ಮುಗಿಸುವಾಗ 'ಗೆಟ್ ಮೈ ಡ್ರಿಫ್ಟ್?' ಅನ್ನುತ್ತಾರೆ. ಎಲ್ಲ ಒಂದೇ ಪದವಾ?

ಉತ್ತರ: ಒಂದೇ. ನಿಮ್ಮ ನಿಘಂಟು ಅರ್ಧ ಹೇಳಿ ಕೈತೊಳೆದುಕೊಂಡಿದೆ. ಸುಮ್ನೆ ತಿರುಗಾಡುವುದಕ್ಕೆ ಇಂಗ್ಲಿಷಿನಲ್ಲಿ 'ವಾಂಡರ್', 'ರೋಮ್' ಇವೆ. ಅಲ್ಲೆಲ್ಲ ನಡೆಯುವ ಕಾಲು ನಮ್ಮದೇ. ಡ್ರಿಫ್ಟ್ ಹಾಗಲ್ಲ, ಅದು 'ಡ್ರೈವ್' ಪದದ ನೆಂಟ. ಓಡಿಸುವುದು ಬೇರೆ ಏನೋ ಇರುತ್ತದೆ. ಅನುವಾದ ಮಾಡುವಾಗ ನಾನು ಮೊದಲು ಹುಡುಕುವುದು ಅದನ್ನೇ: ಇಲ್ಲಿ ತಳ್ಳುತ್ತಿರುವುದು ಯಾವುದು? ಅದು ಸಿಕ್ಕರೆ ಕನ್ನಡ ತಾನಾಗಿ ಬರುತ್ತದೆ. ದಿಮ್ಮಿ ನೀರಿನಲ್ಲಿ ತೇಲಿಹೋಗುತ್ತದೆ. ಹಿಮ ಗಾಳಿಗೆ ಗುಡ್ಡೆ ಬೀಳುತ್ತದೆ. ದಣಿದವರು ನಿದ್ದೆಗೆ ಜಾರುತ್ತಾರೆ. ಗೆಳೆಯರು ಜಗಳವೇ ಆಡದೆ ದೂರವಾಗುತ್ತಾರೆ.

ಗುರಿ ಇರಬಾರದು ಅಂತಲೂ ಇಲ್ಲ. ಉತ್ತರ ಧ್ರುವದ ಸಾಗರದಲ್ಲಿ 'ಜೀನೆಟ್' ಎಂಬ ಹಡಗು 1881ರಲ್ಲಿ ಸೈಬೀರಿಯದ ಕಡೆ ಮಂಜುಗಡ್ಡೆಗೆ ಸಿಕ್ಕಿ ಮುಳುಗಿತು. ಅದರ ಚೂರುಪಾರು 1884ರಲ್ಲಿ ದೂರದ ಗ್ರೀನ್‌ಲ್ಯಾಂಡ್ ದಡದಲ್ಲಿ ಸಿಕ್ಕವು. ಮಂಜುಗಡ್ಡೆ ಆ ಕಡೆಯಿಂದ ಈ ಕಡೆಗೆ ಸಾಗುತ್ತಿದೆ ಎಂದು ನಾರ್ವೆಯ ಅನ್ವೇಷಕ ನಾನ್ಸೆನ್ ಊಹಿಸಿದ. ಒತ್ತಡಕ್ಕೆ ಒಡೆಯದೆ ಮೇಲಕ್ಕೆ ಏಳುವಂಥ 'ಫ್ರಾಮ್' ಹಡಗನ್ನು ಕಟ್ಟಿಸಿ, ಮಂಜುಗಡ್ಡೆಯ ಜೊತೆ ಸಾಗಿ ಉತ್ತರ ಧ್ರುವ ಮುಟ್ಟುವ ಆಸೆಯಿಂದ 1893ರಲ್ಲಿ ಬೇಕೆಂದೇ ಅದರಲ್ಲಿ ಸಿಕ್ಕಿಸಿದ. 1896ರಲ್ಲಿ ಹಡಗು ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹೊರಬಂತು. ಧ್ರುವ ಸಿಗಲಿಲ್ಲ, ಊಹೆ ಮಾತ್ರ ನಿಜವಾಯಿತು. ಇದನ್ನು 'ಗುರಿಯಿಲ್ಲದೆ ಅಲೆದರು' ಅಂತ ಬರೆದರೆ ನಾನ್ಸೆನ್ ಸಿಟ್ಟಾಗುತ್ತಿದ್ದ!

ನಿಮ್ಮ ಮಗನ ಪಾಠದಲ್ಲೂ ಗಲಾಟೆ ಆಗಿದ್ದು ಈ ತಳ್ಳುವವರ ಬಗ್ಗೆಯೇ. ಖಂಡಗಳು ಹಿಂದೆ ಒಂದಾಗಿದ್ದು ಆಮೇಲೆ ಸರಿದವು ಎಂದು ಜರ್ಮನಿಯ ವಿಜ್ಞಾನಿ ವೆಗೆನರ್ 1912ರಲ್ಲಿ ಹೇಳಿದ. ಆಫ್ರಿಕಾ, ದಕ್ಷಿಣ ಅಮೆರಿಕಾದ ಅಂಚುಗಳು ಹೊಂದುತ್ತವೆ, ಪಳೆಯುಳಿಕೆಗಳೂ ಹೊಂದುತ್ತವೆ. ಸರಿ, ಇಷ್ಟು ದೊಡ್ಡ ನೆಲವನ್ನು ತಳ್ಳಿದ್ದು ಏನು? ಅದಕ್ಕೆ ಒಪ್ಪುವಂಥ ಉತ್ತರ ಅವನ ಬಳಿ ಇರಲಿಲ್ಲ. ಬಹಳಷ್ಟು ಭೂವಿಜ್ಞಾನಿಗಳು ತಳ್ಳಿಹಾಕಿದರು. 1960ರ ದಶಕದಲ್ಲಿ ಸಾಗರದ ತಳ ಹಿಗ್ಗುತ್ತಿರುವುದಕ್ಕೆ ಪುರಾವೆ ಸಿಕ್ಕ ಮೇಲೆ ಮಾತು ಬದಲಾಯಿತು. ಇಲ್ಲಿ 'ಸರಿಯುವುದು' ಅನ್ನೋದೇ ಸರಿ. ಅಲೆಯುವುದಕ್ಕೆ ಖಂಡಗಳೇನು ಪೋಲಿ ಹುಡುಗರಾ?

ಕಾರಿನದ್ದು ಮಾತ್ರ ತಲೆಹರಟೆ. ಚಾಲಕ ಬೇಕೆಂದೇ ಹಿಂದಿನ ಚಕ್ರಗಳ ಹಿಡಿತ ತಪ್ಪಿಸುತ್ತಾನೆ. ಗಾಡಿ ಅಡ್ಡಡ್ಡ ಜಾರುತ್ತದೆ. ಸ್ಟೀರಿಂಗನ್ನು ತಿರುವಿನ ಎದುರು ದಿಕ್ಕಿಗೆ ತಿರುಗಿಸಿ ಅದನ್ನು ಹತೋಟಿಯಲ್ಲಿ ಇಡುತ್ತಾನೆ. ಇದನ್ನು ಡ್ರಿಫ್ಟ್ ಅಂತಲೇ ಬಿಟ್ಟುಬಿಡಿ, ಕನ್ನಡಿಸುವ ಹಟ ಬೇಡ.

ಇನ್ನು ನಿಮ್ಮ ಮೇಲಧಿಕಾರಿ. ಅಲ್ಲಿ ಡ್ರಿಫ್ಟ್ ಅಂದರೆ ಮಾತು ಎತ್ತ ಹೋಗುತ್ತಿದೆ ಅನ್ನೋದು, ಮಾತಿನ ಧಾಟಿ. 'ನಾನು ಹೇಳ್ತಿರೋದು ಏನಂತ ಗೊತ್ತಾಯ್ತಲ್ವಾ?' ಎಂದು ಓದಿಕೊಳ್ಳಿ. ಬಾಯಿಬಿಟ್ಟು ಹೇಳಲು ಇಷ್ಟವಿಲ್ಲದ್ದನ್ನು ದಾಟಿಸುವಾಗ ಈ ಮಾತು ಜಾಸ್ತಿ ಬರುತ್ತದೆ. ಕೆಲಸದ ವಿಷಯವಾದರೆ, ಹೂಂ ಅನ್ನುವ ಮೊದಲು ಇಮೇಲ್‌ನಲ್ಲಿ ಬರೆದು ಕಳಿಸಲು ಕೇಳಿ.