ಒಬ್ಬಳೇ ಆನ್‌ಲೈನ್ ವ್ಯಾಪಾರ ಶುರು ಮಾಡೋಕೆ ಮನಸ್ಸನ್ನು ಹೇಗೆ ತಯಾರು ಮಾಡಿಕೊಳ್ಳಬೇಕು?

ಸಾರಿನ ಪುಡಿ, ಚಟ್ನಿಪುಡಿ ಮಾಡಿ ಒಬ್ಬಳೇ ಆನ್‌ಲೈನ್‌ನಲ್ಲಿ ಮಾರಬೇಕು, ಅದಕ್ಕೆ ಮೊದಲು "ದೊಡ್ಡದಾಗಿ ಯೋಚಿಸೋ ಮನಸ್ಸು" ಬೆಳೆಸಿಕೊಳ್ಳಬೇಕು, ಆರು ತಿಂಗಳಿಂದ ಅದರ ವಿಡಿಯೋಗಳನ್ನೇ ನೋಡ್ತಾ ಇದ್ದೇನೆ ಅಂತ ಬರೆದಿದ್ದೀರಿ. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತೆ. ಒಂದು ಕಾಲದಲ್ಲಿ ನಾನೂ ಹೀಗೇ ಇದ್ದೆ.

ನನ್ನದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮಾರುವುದು ಅಪ್ಪೆಮಿಡಿ, ಅಂದರೆ ಪರಿಮಳದ ಎಳೆ ಮಾವಿನಕಾಯಿಯ ಉಪ್ಪಿನಕಾಯಿ. ನಮ್ಮ ಕಡೆ ಅತ್ತೆಯ ಕಾಲದಿಂದಲೂ ಮನೆಗೆ ಬೇಕಾದಷ್ಟು ಹಾಕಿ, ನೆಂಟರಿಗೆ ಒಂದೊಂದು ಬಾಟಲಿ ಕಟ್ಟಿಕೊಡುವುದು ಇದ್ದದ್ದೇ. ಬೆಂಗಳೂರಿನ ನಾದಿನಿಯ ಮನೆಯಲ್ಲಿ ಅದನ್ನು ತಿಂದವರು ದುಡ್ಡು ಕೊಟ್ಟು ಕೇಳಿದರು. ಶುರುವಾದದ್ದು ಹಾಗೆ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ವರ್ಷಕ್ಕೆ 100 ರೂಪಾಯಿ. ಅದನ್ನು ಮಾಡಿಸಿದೆ, ನಂಬರ್ ಹಾಕಿ ಲೇಬಲ್ ಮಾಡಿಸಿದೆ. ಹೊರರಾಜ್ಯಕ್ಕೆ ಕಳಿಸಿದರೆ ವ್ಯಾಪಾರ ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು ಅಂತ ಗೊತ್ತಾದ ಮೇಲೆ ಕರ್ನಾಟಕದೊಳಗೆ ಮಾತ್ರ ಅಂದುಕೊಂಡೆ. ವಾಟ್ಸಾಪ್‌ನಲ್ಲಿ ಆರ್ಡರ್, ಯುಪಿಐನಲ್ಲಿ ದುಡ್ಡು, ಅಂಚೆಯಲ್ಲಿ ಪಾರ್ಸಲ್. ಮೊದಲ ವರ್ಷ 70 ಬಾಟಲಿ, ಎರಡನೇ ವರ್ಷ ನೂರರ ಆಸುಪಾಸು. ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ನಾನೂ ವಿಡಿಯೋ ನೋಡೋಕೆ ಶುರು ಮಾಡಿದೆ. ಬಂದ ಅವಕಾಶ ಬಿಡಬೇಡಿ, ಮೊದಲು ಹೂಂ ಅನ್ನಿ, ಹೇಗೆ ಮಾಡೋದು ಅಂತ ಆಮೇಲೆ ಕಲಿಯಿರಿ. ಎಲ್ಲರೂ ಇದನ್ನೇ ಹೇಳುತ್ತಿದ್ದರು. ಪಾತ್ರೆ ತೊಳೆಯುವಾಗಲೂ ಕಿವಿಯಲ್ಲಿ ಅದೇ ಮಾತು.

2022ರ ಏಪ್ರಿಲ್ ಮೊದಲ ವಾರ. ನನ್ನ ಹತ್ತಿರ ಉಪ್ಪಿನಕಾಯಿ ತಗೊಂಡಿದ್ದ ಒಬ್ಬರು ಮೊಸರನ್ನದ ಜೊತೆ ಅದರ ಫೋಟೋ ಹಾಕಿ, ನನ್ನ ನಂಬರ್ ಕೊಟ್ಟುಬಿಟ್ಟರು. ನಾಲ್ಕು ದಿನದಲ್ಲಿ 260 ಬಾಟಲಿಗೆ ಆರ್ಡರ್ ಬಂತು. ಬಾಟಲಿಗೆ 350 ರೂಪಾಯಿಯಂತೆ 91,000 ರೂಪಾಯಿ ಮುಂಗಡವಾಗಿ ಖಾತೆಗೆ ಬಿತ್ತು. ಭರಣಿಗಳಲ್ಲಿ ಉಪ್ಪಿಗೆ ಹಾಕಿಟ್ಟಿದ್ದ ಮಿಡಿ 90 ಬಾಟಲಿಗೆ ಆಗುವಷ್ಟಿತ್ತು. ಆದರೂ ಒಬ್ಬರಿಗೂ "ಇಲ್ಲ" ಅನ್ನಲಿಲ್ಲ. 260 ಜನಕ್ಕೂ "20 ದಿನದಲ್ಲಿ ಕಳಿಸ್ತೇನೆ" ಅಂದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ತಪ್ಪು ಆದದ್ದು ಒಂದೇ ಕಡೆ ಅಲ್ಲ. ಅಪ್ಪೆಮಿಡಿ ವರ್ಷವಿಡೀ ಸಿಗುವ ಸರಕಲ್ಲ. ಗೊರಟು ಬಲಿಯುವ ಮೊದಲೇ ಕೊಯ್ಯಬೇಕು. ಮರ ಹತ್ತಿ, ತೊಟ್ಟಿನ ಸಮೇತ ಕೊಯ್ದು, ನೆಲಕ್ಕೆ ಬೀಳದ ಹಾಗೆ ಇಳಿಸಬೇಕು. ಬಿದ್ದ ಮಿಡಿಗೆ ಒಳಗೆ ಪೆಟ್ಟಾಗಿರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಭರಣಿಗೆ ಹಾಕಿದ ಮೇಲೆ ಮೆತ್ತಗಾಗಿ ಪಕ್ಕದ ಮಿಡಿಯನ್ನೂ ಕೆಡಿಸುತ್ತದೆ. ತೊಟ್ಟು ಮುರಿದರೆ ಸೊನೆ ಚಿಮ್ಮಬೇಕು. ಆ ಸೊನೆಯಲ್ಲೇ ಪರಿಮಳ ಇರೋದು, ಉಪ್ಪಿನಕಾಯಿ ವರ್ಷಗಟ್ಟಲೆ ಬಾಳೋಕೆ ಅದೂ ಬೇಕು ಅನ್ನುತ್ತಾರೆ ನಮ್ಮ ಕಡೆ. ನನಗೆ ಮಿಡಿ ಕೊಡುವ ಐದು ಮನೆಯವರ ಮರಗಳು ಅಷ್ಟು ಹೊತ್ತಿಗೆ ಖಾಲಿಯಾಗಿದ್ದವು. ಎರಡು ದಿನ ಮಳೆ ಗಾಳಿ ಬೇರೆ ಬಂದಿತ್ತು. ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಮಿಡಿ ಇದೆ ಅಂತ ಗೊತ್ತಾಗಿ ಹೋದೆ. ಗೋಣಿಚೀಲದಲ್ಲಿ ತುಂಬಿಟ್ಟಿದ್ದ. ಕೈ ಹಾಕಿ ಒಂದನ್ನು ತೆಗೆದು ತೊಟ್ಟು ಮುರಿದೆ. ಸೊನೆ ಬರಲಿಲ್ಲ. ಇನ್ನೊಂದು ಮುರಿದೆ, ಒಂದು ಹನಿ ಬಂತು. ಮೂರನೆಯದಕ್ಕೆ ತೊಟ್ಟೇ ಇರಲಿಲ್ಲ.

ನನಗೆ ಗೊತ್ತಾಯಿತು. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಗೊತ್ತಾಗದೆ ಮೋಸ ಹೋದದ್ದಲ್ಲ. ಗಾಳಿಗೆ ಉದುರಿದ್ದನ್ನು ಆರಿಸಿ ತುಂಬಿದ್ದಾರೆ ಅಂತ ಬೆರಳಿಗೆ ಗೊತ್ತಾಯಿತು. ಆದರೆ ಆ ದುಡ್ಡು ಖಾತೆಯಲ್ಲಿತ್ತಲ್ಲ, 260 ಜನರ ಹೆಸರು ಪುಸ್ತಕದಲ್ಲಿತ್ತಲ್ಲ. ಚೀಲ ಹೊರಿಸಿಕೊಂಡು ಬಂದೆ.

ಮನೆಗೆ ಬಂದ ಮೇಲೆ ಇನ್ನೆರಡು ತಪ್ಪು ಮಾಡಿದೆ. ಮಿಡಿ ಕಲ್ಲುಪ್ಪಿನಲ್ಲಿ ನೀರು ಬಿಟ್ಟು ಚೆನ್ನಾಗಿ ಚಿರುಟಬೇಕು, ನಾನು ಮೂರು ವಾರ ಬಿಡುವವಳು. ಮಾತು ಕೊಟ್ಟಾಗಿದೆ ಅಂತ ಎಂಟೇ ದಿನಕ್ಕೆ ತೆಗೆದೆ. ಎರಡನೆಯದು ಇನ್ನೂ ಕೆಟ್ಟದ್ದು. ಎಲ್ಲ ಬಾಟಲಿಗೂ ಒಂದೇ ರುಚಿ ಬರಲಿ ಅಂತ ಹಳೇ ಭರಣಿಯ ಒಳ್ಳೆ ಮಿಡಿಯನ್ನೂ ಇದಕ್ಕೇ ಬೆರೆಸಿದೆ. ಬೆರೆಸದೇ ಇದ್ದಿದ್ದರೆ 90 ಬಾಟಲಿ ಆದರೂ ಉಳೀತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಇನ್ನೊಂದು ವಾರ ಬಿಡು" ಅಂತ ಒಂದೇ ಸಲ ಹೇಳಿದರು. ನಾನು ಕೇಳಲಿಲ್ಲ.

ಕಳಿಸಿ ಮೂರು ವಾರಕ್ಕೆ ಮೊದಲ ಫೋಟೋ ಬಂತು. ಮುಚ್ಚಳ ಉಬ್ಬಿತ್ತು, ಮಸಾಲೆಯಲ್ಲಿ ಗುಳ್ಳೆ. ಮಾರನೇ ದಿನ ಏಳು ಫೋಟೋ. ಆಮೇಲೆ ಕಾಯಲಿಲ್ಲ, 260 ಜನಕ್ಕೂ ನಾನೇ ಮೆಸೇಜ್ ಹಾಕಿದೆ, ತಿನ್ನಬೇಡಿ, ಎಸೆದುಬಿಡಿ, ದುಡ್ಡು ವಾಪಸ್ ಹಾಕ್ತೇನೆ ಅಂತ. ಎಲ್ಲರಿಗೂ ಹಾಕಿ ಮುಗಿಸೋಕೆ ಐದು ತಿಂಗಳು ಬೇಕಾಯಿತು, ಯಾಕಂದರೆ ಅಷ್ಟರಲ್ಲಿ ಮಿಡಿ, ಬಾಟಲಿ, ಅಂಚೆ ಅಂತ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿತ್ತು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಕೊಟ್ಟೆವು. ಗಂಡ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಬ್ಬರೇ ಮಾಡುವ ವ್ಯಾಪಾರಕ್ಕೆ ದೊಡ್ಡದಾಗಿ ಯೋಚಿಸುವ ಮನಸ್ಸು ಬೇಡ. ಅದು 50 ಜನ ಕೆಲಸಕ್ಕಿರುವವರಿಗೆ. ನಮಗೆ ಇರುವುದು ಎರಡು ಕೈ, ಒಂದು ಒಲೆ. ನಮಗೆ ಬೇಕಾದದ್ದು "ಮುಗಿದಿದೆ" ಅಂತ ಹೇಳೋ ಧೈರ್ಯ. ಅದು ವಿಡಿಯೋ ನೋಡಿ ಬರುವುದಿಲ್ಲ, ಕೂತು ಯೋಚನೆ ಮಾಡಿದರೂ ಬರುವುದಿಲ್ಲ. ನಿಮ್ಮ ಕೈಯಲ್ಲಿ ಒಂದು ದಿನಕ್ಕೆ ಎಷ್ಟಾಗುತ್ತದೆ ಅಂತ ಸರಿಯಾಗಿ ಗೊತ್ತಿದ್ದರೆ ತಾನಾಗಿ ಬರುತ್ತದೆ. ನನಗೆ ಗೊತ್ತಿರುವುದು ಇಷ್ಟು: ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಟೇಪ್ ಹಾಕಿ, ಡಬ್ಬಕ್ಕೆ ಕಾಗದ ತುಂಬಿ, ವಿಳಾಸ ಬರೆದು, ಅಂಚೆ ಕಚೇರಿ ಮುಚ್ಚುವುದರೊಳಗೆ ಮುಟ್ಟಿಸೋಕೆ ದಿನಕ್ಕೆ 12 ಪಾರ್ಸಲ್. 13ನೆಯದು ಹಾಕಿದ ದಿನ ಎಲ್ಲೋ ಒಂದು ಮುಚ್ಚಳ ಸಡಿಲ ಇರುತ್ತದೆ.

ಹೆದರಿಕೆ ಹೋಗಬೇಕು ಅಂತಲೂ ಬರೆದಿದ್ದೀರಿ. ಯಾಕೆ ಹೋಗಬೇಕು? ಆ ಚೀಲದ ಮುಂದೆ ನಿಂತಾಗ ನನ್ನನ್ನು ತಡೆಯೋಕೆ ನೋಡಿದ್ದು ಹೆದರಿಕೆಯೇ ಅಲ್ವಾ. ಅದನ್ನು ಗೆಲ್ಲಬೇಕು ಅಂತ ಕಲಿತಿದ್ದೆ, ಗೆದ್ದೆ. ಏನಾಯಿತು ಅಂತ ಹೇಳಿದೆನಲ್ಲ.

ಕೆಲಸ ಬಿಡದೆ ಮಾಡ್ತೇನೆ ಅಂದಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಲೋಗೋ, ವೆಬ್‌ಸೈಟ್ ಸದ್ಯಕ್ಕೆ ಸುಮ್ನೆ ಬಿಡಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಮೊದಲೇ ಮಾಡಿಸಿ, ತಿನ್ನುವ ಪದಾರ್ಥ ಅದು. ಆಮೇಲೆ ಒಂದು ಭಾನುವಾರ ಎರಡು ಕೆಜಿ ಸಾರಿನ ಪುಡಿ ಮಾಡಿ. ಮೆಣಸಿನಕಾಯಿ ತೊಟ್ಟು ಬಿಡಿಸೋದರಿಂದ ಪ್ಯಾಕೆಟ್ ಅಂಟಿಸೋವರೆಗೆ ಗಡಿಯಾರ ನೋಡಿ ಬರೆದಿಡಿ. ನೆಂಟರಿಗೆ ಮಾರಬೇಡಿ, ಅವರು ಹೇಗಿದ್ದರೂ ಚೆನ್ನಾಗಿದೆ ಅನ್ನುತ್ತಾರೆ. ಗುರುತೇ ಇಲ್ಲದ ಹತ್ತು ಜನಕ್ಕೆ, ಪೂರ್ತಿ ದುಡ್ಡು ತಗೊಂಡು ಮಾರಿ. ಹತ್ತರಲ್ಲಿ ಎಷ್ಟು ಜನ ಎರಡನೇ ಸಲ ಕೇಳುತ್ತಾರೆ ನೋಡಿ. ಇಷ್ಟಕ್ಕೆ ಎಂಥಾ ಮನಸ್ಸೂ ತಯಾರಾಗಬೇಕಿಲ್ಲ.

ಈಗ ನಾನು ವರ್ಷಕ್ಕೆ 400 ಬಾಟಲಿ ಮಾತ್ರ ಹಾಕುತ್ತೇನೆ. ಆರ್ಡರ್ ಪುಸ್ತಕದಲ್ಲಿ 1ರಿಂದ 400ರವರೆಗೆ ನಂಬರ್ ಮೊದಲೇ ಬರೆದಿಟ್ಟಿರುತ್ತೇನೆ, 401 ಬರೆಯೋಕೆ ಜಾಗ ಇರುವುದಿಲ್ಲ. ಈ ವರ್ಷ ಜೂನ್ ಎರಡನೇ ವಾರಕ್ಕೇ ಮುಗಿಯಿತು. ಆಮೇಲೆ ಕೇಳಿದ 63 ಜನಕ್ಕೆ "ಮುಗಿದಿದೆ, ಮುಂದಿನ ಏಪ್ರಿಲ್‌ಗೆ ಹೆಸರು ಬರ್ಕೊಳ್ಳಲಾ?" ಅಂತ ಕಳಿಸಿದೆ. 41 ಜನ ಬರ್ಕೊಳ್ಳಿ ಅಂದರು. ಅದರಲ್ಲಿ ಆರು ಜನ 2022ರಲ್ಲಿ ನನ್ನಿಂದ ಕೆಟ್ಟ ಬಾಟಲಿ ತಗೊಂಡವರು. ಅವರ ಹೆಸರಿನ ಪಕ್ಕ ಒಂದು ಗುರುತು ಹಾಕಿಟ್ಟಿದ್ದೇನೆ. ಮುಂದಿನ ವರ್ಷ ಮೊದಲ ಭರಣಿ ತೆಗೆದಾಗ ಅವರಿಗೇ ಮೊದಲು ಹೋಗಬೇಕು.